ಹೆಸರಿಡದ ಕೂಸಿನ ಗಂಗೆಪೂಜೆ

ನಮ್ಮ ಹಳೆಕೋಟೆಯ ಕಾರಂಜಿಯನ್ನು ಕೋಟೆ ಆಳಿದವರು ಕಟ್ಟಿಸಿದರೆಂದು ಎಲ್ಲರೂ ಹೇಳುತ್ತಾರೆ. ಗುಡ್ಡದ ಕೆರೆಯ ನೀರನ್ನು ಮಣ್ಣಿನ ಕೊಳವೆಗಳಲ್ಲಿ ತಂದು, ನಾಲ್ಕು ಕಲ್ಲಿನ ಸಿಂಹಗಳ ಬಾಯಿಂದ ಬೀಳಿಸಿದವರು ಅವರೇ. ಆದರೆ ಮೂವತ್ತು ವರ್ಷ ಆ ಬಾಯಿಗಳೊಳಗೆ ಕೈ ಹಾಕಿ, ಪಾಚಿ, ಬೇರು ಕಿತ್ತು, ನೀರು ನಿಲ್ಲದಂತೆ ನೋಡಿಕೊಂಡವರು ಪೂಜ್ಯ ಅಡವೆಮ್ಮ ತಾಯಿಯವರು. ಕಾರಂಜಿಯ ಹಿಂದಿನ ಕಲ್ಲುಗೂಡೇ ಅವರ ಮಠ.

ಬಾಣಂತಿಯಾದವಳು ಕೂಸನ್ನು ಮಡಿಲಲ್ಲಿಟ್ಟುಕೊಂಡು, ಐವರು ಮುತ್ತೈದೆಯರೊಡನೆ ಬಂದು ಗಂಗೆಪೂಜೆ ಮಾಡಿದ ಮೇಲೆಯೇ ಅಲ್ಲಿ ಕೊಡ ತುಂಬಬೇಕೆಂಬುದು ಊರಿನ ನೇಮ. ಕೂಸು ಉಳಿಯದಿದ್ದರೆ ಏನು ಮಾಡಬೇಕೆಂದು ನೇಮ ಮಾಡಿದವರು ಹೇಳಿಹೋಗಲಿಲ್ಲ. ಅವರ ಎದೆಯಲ್ಲಿ ಹಾಲು ಕಟ್ಟಿರಲಿಲ್ಲವಲ್ಲ.

ಸೂಗಮ್ಮನ ಹೆಣ್ಣುಕೂಸು ಹುಟ್ಟಿದ ಹತ್ತನೆಯ ದಿನ ತೀರಿಹೋಯಿತು. ಅವಳನ್ನು ಪೂಜೆಗೆ ಯಾರೂ ಕರೆಯಲಿಲ್ಲ. ನಾಲ್ಕು ತಿಂಗಳು ಕೋಟೆಯಾಚೆಯ ಹೊಂಡದಿಂದ ಒಬ್ಬಳೇ ನೀರು ಹೊತ್ತಳು. ಹೊಂಡ ಬತ್ತಿದ ದಿನ ಕೊಡ ಹಿಡಿದು ಕಾರಂಜಿಗೇ ಬಂದಳು.

“ಅಲ್ಲೇ ನಿಲ್ಲವಾ, ನಿನ್ನ ಪೂಜಿ ಆಗಿಲ್ಲ,” ಎಂದಳು ನೆರೆಮನೆಯ ದ್ಯಾಮಕ್ಕ.

“ಯಾರ ಕೂಸು ತಂದು ಮಾಡ್ಲಿ ಯಕ್ಕಾ? ನಿನ್ನ ಮೊಮ್ಮಗನ್ನ ಎರವಲು ಕೊಡ್ತೀಯೇನು?” ಎಂದ ಸೂಗಮ್ಮ, ಪಾಚಿ ಕೀಳುತ್ತಿದ್ದ ಅಡವೆಮ್ಮ ತಾಯಿಯವರತ್ತ ತಿರುಗಿದಳು. “ದಿನಾ ಕಲ್ಲು ತಿಕ್ಕತೀರಲ್ರೀ, ನಿಮ್ಮ ಗಂಗವ್ವಗ ಕಣ್ಣು ಅದಾವೇನು?”

ತಾಯಿಯವರು ಸಿಟ್ಟಾಗಲಿಲ್ಲ. ಪಾಚಿ ಮೆತ್ತಿದ ಕೈ ತೊಳೆದುಕೊಂಡು, “ಕೂಸಿನ ಹೆಸರೇನವಾ?” ಎಂದು ಕೇಳಿದರು.

“ಹೆಸರಿಡಾಕ ಇನ್ನೂ ಮೂರು ದಿನ ಇತ್ರಿ.”

“ಹಾಲು ಕುಡಿಸುವಾಗ ಏನಂತ ಕರೀತಿದ್ದಿ?”

ಇದನ್ನು ಅವಳ ಗಂಡನೂ ಕೇಳಿರಲಿಲ್ಲ. ಸೂಗಮ್ಮ ಕೊಡವನ್ನು ಒದ್ದೆ ಚಪ್ಪಡಿಯ ಮೇಲಿಟ್ಟಳು.

“ಚಿಗರಿ,” ಎಂದಳು.

ಸಿಂಹದ ಹಣೆಗೆ ಯಾರೋ ಬಳಿದಿದ್ದ ಹಸಿ ಅರಿಶಿನವನ್ನು ತಾಯಿಯವರು ಬೆರಳಲ್ಲಿ ತೆಗೆದು ಅವಳ ಕೆನ್ನೆಗೆ ಹಚ್ಚಿದರು. “ಚಿಗರಿಯ ಅವ್ವ ಬಂದಾಳ. ದಾರಿ ಬಿಡ್ರಿ,” ಎಂದರು.

ನೀರಿಗೆ ಬಂದಿದ್ದ ಹೆಂಗಸರು ಸರಿದರು. ತುಂಬಿದ ಕೊಡವನ್ನು ದ್ಯಾಮಕ್ಕನೇ ಎತ್ತಿ ಸೂಗಮ್ಮನ ಸೊಂಟಕ್ಕಿಟ್ಟಳು.

ಮನೆಗೆ ಹೋದರೆ ಮನೆ ಖಾಲಿಯೇ ಇತ್ತು. ತಾಯಿಯವರು ಆ ದುಃಖ ಅಳಿಸಿದರೆಂದು ನಾನು ಬರೆಯಲಾರೆ. ಆದರೆ ಮುಂದೆ ಊರಲ್ಲಿ ಯಾವ ಮನೆಯ ತೊಟ್ಟಿಲು ಬರಿದಾದರೂ, ಸೂತಕ ಕಳೆದ ಬೆಳಿಗ್ಗೆ ಸೂಗಮ್ಮ ಆ ಬಾಗಿಲಲ್ಲಿ ಅರಿಶಿನದ ಬಟ್ಟಲು ಹಿಡಿದು ನಿಂತಿರುತ್ತಿದ್ದಳು.

“ಏಳವಾ, ನೀರಿಗೆ ಹೋಗೂಣು. ಹಾದ್ಯಾಗ ನಿನ್ನ ಕೂಸಿನ ಸುದ್ದಿ ಹೇಳು, ನಾ ಕೇಳ್ತೀನಿ.”