ಹಾಡಿನ ನಡುವೆ ಸೇರಿದ ಕೆಮ್ಮು

ಧಾರವಾಡದ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನಾಗವೇಣಿ ಹಾಡುಗಳನ್ನು ತಿದ್ದುವ ಕೆಲಸ ಮಾಡುತ್ತಿದ್ದಳು. ಆಕೆಗೆ ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿದ್ದದ್ದನ್ನೆಲ್ಲ ಕಂಪ್ಯೂಟರೇ ಆಕೆಯ ಕಿವಿಯಲ್ಲಿ ಓದಿ ಹೇಳುತ್ತಿತ್ತು.

ಗವಾಯಿ ಶೇಷಗಿರಿ ಮಾಸ್ತರರಿಗೆ ಮರುದಿನ ಗಂಟಲಿನ ಆಪರೇಷನ್ ಇತ್ತು. ಅವತ್ತು ಹಾಡಿದ್ದೇ ಕೊನೆಯ ಹಾಡಾದರೂ ಆಗಬಹುದು. ಅದರಲ್ಲಿ ಎರಡು ಸಾಲುಗಳ ನಡುವೆ ಒಂದು ಕೆಮ್ಮು ಸೇರಿಬಿಟ್ಟಿತ್ತು. ಮತ್ತೆ ಹಾಡಲು ದನಿ ಉಳಿದಿರಲಿಲ್ಲ.

"ಈಕಿ ನನ್ನ ಹಾಡು ಕೆಡಸ್ತಾಳ. ಕಣ್ಣಿದ್ದವರನ್ನ ಕರೀರಿ!" ಎಂದು ಮಾಸ್ತರರು ರೇಗಿದರು.

"ಕಣ್ಣಿದ್ದವರು ನೀವ ಅದೀರಲ್ರಿ," ಎಂದಳು ನಾಗವೇಣಿ. "ಪರದೆ ಮ್ಯಾಲೆ ಕೆಮ್ಮು ಎಲ್ಲೈತಿ, ಮೌಸ್ ಒತ್ತಿ ತೋರಸ್ರಿ. ಅಷ್ಟ ಕತ್ತರಸ್ತೀನಿ."

ಪರದೆಯ ತುಂಬ ದನಿಯ ಏರಿಳಿತ ತೋರಿಸುವ ಗೆರೆಗಳು. ಎರಡೂ ಕೈಗೆ ಉಂಗುರ ತೊಟ್ಟಿದ್ದ ಮಾಸ್ತರರು ಕನ್ನಡಕ ಏರಿಸಿ, ಎಲ್ಲಕ್ಕಿಂತ ಒರಟಾಗಿ ಕಂಡ ಕಡೆ ಒತ್ತಿದರು. ಆಕೆ ಅಲ್ಲಿಂದ ನುಡಿಸಿದಳು. ಕೇಳಿಸಿದ್ದು ಅವರದೇ ಚೆಂದದೊಂದು ತಾನ.

"ಇದನ್ನ ಕತ್ತರಸಲೇನ್ರಿ?"

"ಬ್ಯಾಡ, ಬ್ಯಾಡ! ನೀನ ಹುಡುಕವ್ವ."

ಆಕೆ ಗುಂಡಿ ತಿರುವಿದಳು, ಕಿವಿಗೊಟ್ಟಳು, ನಿಲ್ಲಿಸಿದಳು. ಕೆಮ್ಮು ಹೋಯಿತು. ತಂಬೂರಿಯ ನಾದ ಎಲ್ಲೂ ತುಂಡಾಗಲಿಲ್ಲ.

ಮಾಸ್ತರರ ಕಣ್ಣು ತುಂಬಿಬಂದವು. ಆಕೆಯತ್ತ ತಿರುಗಿ ಕೈ ಮುಗಿದರು.

"ದೊಡ್ಡವರು ನೀವು, ನನಗ ಕೈ ಮುಗೀಬಾರದ್ರಿ," ಎಂದಳು ನಾಗವೇಣಿ.

"ಕೈ ಮುಗಿದದ್ದು ನಿನಗ ಹೆಂಗ ಗೊತ್ತಾತವ್ವಾ?"

"ಉಂಗುರಕ್ಕ ಉಂಗುರ ತಾಕಿದ್ದು ಕೇಳಿಸ್ತರಿ."