ವಿಸ್ಕಿ ಪೀಪಾಯಿ ಮತ್ತು ಗಂಧಕದ ಬತ್ತಿ

"ಗುರುಗಳೇ, ನನ್ನಲ್ಲಿ ಈಗ ಕೋಪ ಒಂದು ತೊಟ್ಟೂ ಉಳಿದಿಲ್ಲ. ಅಣ್ಣನ ಮನೆಗೆ ಹೋಗಿ, ಆ ಹಳೇ ಬಾವಿಯ ಜಗಳವನ್ನು ನಾನೇ ಎತ್ತಿ, ನನ್ನನ್ನು ಪರೀಕ್ಷೆ ಮಾಡಿಕೊಂಡು ಬರಲೇ?" ಎಂದು ಮರಿಸಿದ್ಧ ಕೇಳಿದ.

ಬಾವಿಯ ಪಾಲಿಗಾಗಿ ಅಣ್ಣನ ಮೇಲೆ ಕುಡುಗೋಲು ಬೀಸಿ, ಅದು ಕೂದಲೆಳೆಯಲ್ಲಿ ತಪ್ಪಿ, ತನಗೆ ತಾನೇ ಹೆದರಿ ಮಠಕ್ಕೆ ಓಡಿಬಂದವನು ಅವನು. ಈಗ ಹೆಗಲಿಗೆ ಗಂಟು ಹಾಕಿಕೊಂಡು ಹೊರಟು ನಿಂತಿದ್ದ.

"ಪರೀಕ್ಷೆಯಂತೆ ಪರೀಕ್ಷೆ! ಗಂಟು ಕೆಳಗಿಟ್ಟು ಕೂತುಕೋ ಪುಣ್ಯಾತ್ಮ. ಒಂದು ಕತೆ ಹೇಳುತ್ತೇನೆ. ಬಿಯರಿನ ಕತೆ. ಮೂಗು ಮುಚ್ಚಿಕೊಳ್ಳಬೇಡ, ನಿನಗೇನು ಕುಡಿಸಲು ಹೊರಟಿಲ್ಲ" ಎಂದು ಗುರುಗಳು ಶುರುಮಾಡಿದರು.

ಕಡಲ ಕಡೆಯ ಒಂದು ಊರಿನಲ್ಲಿ ಬೊನಿಫಾಸ ಎಂಬೊಬ್ಬನಿದ್ದ. ಅಪ್ಪನ ಕಾಲದಿಂದ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುವವರು. ವೈನ್ ತುಂಬುವ ಮೊದಲು ಅವರಲ್ಲಿ ಒಂದು ಕ್ರಮವಿತ್ತು. ಗಂಧಕದ ಬತ್ತಿ ಹಚ್ಚಿ, ತಂತಿಗೆ ಕಟ್ಟಿ, ಖಾಲಿ ಪೀಪಾಯಿಯ ಬಾಯೊಳಗೆ ಇಳಿಬಿಡುವುದು. ಆ ಹೊಗೆಗೆ ಒಳಗಿನ ಬೂಷ್ಟು ಸಾಯುತ್ತದೆ, ಪೀಪಾಯಿ ಶುದ್ಧವಾಗುತ್ತದೆ. ಬೊನಿಫಾಸನ ಕೈ ಅದರಲ್ಲಿ ಪಳಗಿತ್ತು.

ಒಂದು ವರ್ಷ ಅವನಿಗೆ ಹುಳಿ ಬಿಯರ್ ಮಾಡುವ ಹುಚ್ಚು ಹತ್ತಿತು. ಬಾರ್ಲಿ ಬೇಯಿಸಿ, ಹುದುಗಿಸಿ, ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅದು ನಿಧಾನಕ್ಕೆ ಹುಳಿ ಬರುತ್ತದಂತೆ. ವಿಸ್ಕಿ ಇಟ್ಟಿದ್ದ ಪೀಪಾಯಿಯಾದರೆ ಅದರ ಘಮವೂ ಬಿಯರಿಗೆ ಇಳಿಯುತ್ತದಂತೆ. ನನಗೇನು ಗೊತ್ತು, ಕೇಳಿದ್ದನ್ನು ಹೇಳುತ್ತಿದ್ದೇನೆ, ನಗಬೇಡ.

ಬೊನಿಫಾಸ ವಿಸ್ಕಿ ಕಾರ್ಖಾನೆಗೆ ಹೋಗಿ, ಆಗಷ್ಟೇ ಬರಿದು ಮಾಡಿದ ಪೀಪಾಯಿಯೊಂದನ್ನು ತಂದ. ಅಲ್ಲಿಯವರು ಹೇಳಿಯೇ ಕಳಿಸಿದ್ದರು. ಮೊದಲು ಬಿಸಿನೀರು ತುಂಬಿಸಿಡು, ಹಲಗೆ ಉಬ್ಬಿ ಸಂದು ಮುಚ್ಚಲಿ, ಒಳಗಿನ ಆವಿ ಹೋಗಲಿ ಎಂದು. ಇವನು ತಲೆಯಾಡಿಸಿ ಬಂದಿದ್ದ.

ಮನೆಯಲ್ಲಿ ಹೆಂಡತಿ ಕಾರ್ಮಿನ, ಪೀಪಾಯಿಯ ಬಿರಡೆ ತೆಗೆದು ಮೂಸಿದಳು. ಕಣ್ಣು ಉರಿದು ನೀರು ಬಂತು. ಅಷ್ಟರಲ್ಲಿ ಗಂಡ ಗಂಧಕದ ಬತ್ತಿ ಹಿಡಿದು ಬಂದ.

"ಬೇಡ ಮಾರಾಯ್ರೇ, ನನಗೆ ಹೆದರಿಕೆ ಆಗ್ತದೆ. ಮೊದಲು ನೀರು ತುಂಬಿಸಿ" ಎಂದಳು.

"ನೀರು ತುಂಬಿಸಿದರೆ ಘಮ ಹೋಗುವುದಿಲ್ಲವಾ? ನೋಡು, ಒಂದು ತೊಟ್ಟೂ ಇಲ್ಲ" ಎಂದು ಬೊನಿಫಾಸ ಪೀಪಾಯಿಯನ್ನು ಬೋರಲು ಹಾಕಿ ಅಲುಗಾಡಿಸಿ ತೋರಿಸಿದ. ನಿಜ, ಒಂದು ತೊಟ್ಟೂ ಬೀಳಲಿಲ್ಲ. "ಎಷ್ಟು ವರ್ಷದಿಂದ ಮಾಡ್ತಿದ್ದೇನೆ ಇದನ್ನು! ಬಾ, ಉರುಳದ ಹಾಗೆ ಹಿಡಿದುಕೋ."

ಅವಳಿಗೆ ಓಡಿಹೋಗಬೇಕು ಅನ್ನಿಸಿತು. ಗಂಡನೊಬ್ಬನನ್ನೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಬಂದು ಪೀಪಾಯಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಅವನು ಕಡ್ಡಿ ಗೀರಿ ಬತ್ತಿ ಹಚ್ಚಿದ. ತಂತಿ ಬಾಯೊಳಗೆ ಇಳಿಯಿತು.

ಒಳಗೆ ಹನಿ ಇರಲಿಲ್ಲ, ಸರಿ. ಆದರೆ ಆ ಮರ ವರ್ಷಗಟ್ಟಲೆ ವಿಸ್ಕಿ ಕುಡಿದಿತ್ತು. ಅದರ ಆವಿ ಹೊಟ್ಟೆಯಲ್ಲಿ ತುಂಬಿಕೊಂಡಿತ್ತು. ಬೆಂಕಿ ತಾಗಿದ್ದೇ ತಡ, ಪೀಪಾಯಿ ಸಿಡಿಯಿತು. ಕಬ್ಬಿಣದ ಪಟ್ಟಿ ಕಿತ್ತುಹೋಯಿತು. ಉರಿ ಅವಳ ಮುಖಕ್ಕೆ ಹೊಡೆಯಿತು.

ಅವನ ಹುಬ್ಬು ಸುಟ್ಟಿತು. ಅವಳ ಕಣ್ಣು ಹೋಯಿತು.

ಬಂದವರಿಗೆಲ್ಲ ಬೊನಿಫಾಸ ಅತ್ತುಕೊಂಡು ಹೇಳಿದ್ದು ಒಂದೇ ಮಾತು, ಒಳಗೆ ಒಂದು ತೊಟ್ಟೂ ಇರಲಿಲ್ಲ ಎಂದು. ಇವತ್ತಿಗೂ ಅವನು ಒಲೆ ಹಚ್ಚಲು ಕಡ್ಡಿ ಗೀರಿದರೆ ಸಾಕು, ಅವಳು ಗೋಡೆ ತಡವಿಕೊಂಡು ಹಿಂದಕ್ಕೆ ಸರಿಯುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ಮರಿಸಿದ್ಧನ ಮುಖ ಕೆಂಪಗಾಗಿತ್ತು. ಅವನು ದಡಕ್ಕನೆ ಎದ್ದು ನಿಂತ.

"ಎಂಥ ಪಾಪಿ ಅವನು! ಹೆಂಡತಿ ಬೇಡ ಬೇಡ ಅಂದರೂ ಅವಳನ್ನೇ ಕರೆದು ಹಿಡಿಸುತ್ತಾನಲ್ಲ! ನನ್ನ ಕೈಗೆ ಸಿಕ್ಕಿದ್ದರೆ ಅಲ್ಲೇ ಕೊಚ್ಚಿ ಹಾಕಿಬಿಡುತ್ತಿದ್ದೆ!" ಎಂದು ಅಬ್ಬರಿಸಿದ. ಬಿಗಿದ ಮುಷ್ಟಿ ಗುರುಗಳ ಮುಖದ ಮುಂದೆಯೇ ಇತ್ತು.

ಗುರುಗಳು ಗೋಡೆ ತಡವಿಕೊಂಡು ಹಿಂದಕ್ಕೆ ಸರಿದರು. ಆಮೇಲೆ ಮೆಲ್ಲಗೆ ಹೇಳಿದರು:

"ನಾನಿನ್ನೂ ಕಡ್ಡಿಯನ್ನೇ ಗೀರಿಲ್ಲವಲ್ಲಪ್ಪ."