ಬೈಗುಳ ಮರಡಿಯ ಅಂಕೋಲೆ

ಸೂಜಿಕಲ್ಲಹಟ್ಟಿಯ ಮೂಡಣಕ್ಕೆ, ಜಾಲಿಯ ಪೊದೆಗಳನ್ನು ದಾಟಿ ಹೋದರೆ ಒಂದು ಕುಳ್ಳು ಗುಡ್ಡ ಸಿಗುತ್ತದೆ. ಅದರ ನೆತ್ತಿಯಲ್ಲಿ ಒಂದೇ ಒಂದು ಅಂಕೋಲೆ ಮರ, ಮರದ ಬುಡದಲ್ಲಿ ಮಲಗಿದ ಹಸುವಿನಂಥ ಒಂದು ಕಲ್ಲು. ಈ ಗುಡ್ಡಕ್ಕೆ ಬೈಗುಳ ಮರಡಿ ಎಂದು ಹೆಸರು. ಹೆಸರು ಕೇಳಿ ಮುಜುಗರಪಟ್ಟ ಯಾರೋ ಮಹನೀಯರು ಈಚೆಗೆ ದಾರಿಯ ಬಾಯಲ್ಲಿ ‘ಶಾಂತಿಗಿರಿ’ ಎಂದು ಬಣ್ಣದ ಬೋರ್ಡು ನೆಡಿಸಿದ್ದಾರೆ. ನೆಡಿಸಲಿ. ಅದಕ್ಕೆ ಮೈ ತಿಕ್ಕುವ ಎಮ್ಮೆಗಳನ್ನು ಬಿಟ್ಟರೆ ಅದನ್ನು ಕೇಳುವವರೇ ಇಲ್ಲ. ಒಂದು ಹೆಸರು ಹುಟ್ಟಲು ಏನೆಲ್ಲ ಸಂಕಟ ಬೇಕಾಯಿತೆಂದು ತಿಳಿಯದವರಿಗೆ ಅದನ್ನು ಅಳಿಸುವುದು ಸುಲಭವಾಗಿ ಕಾಣುತ್ತದೆ.

ಹಿಂದೆ ಒಮ್ಮೆ, ಹಟ್ಟಿಯಲ್ಲಿ ಜನಕ್ಕಿಂತ ದನಗಳೇ ಹೆಚ್ಚಾಗಿದ್ದ ಕಾಲದಲ್ಲಿ, ಕೆಂಚವ್ವ ಎಂಬ ಮುದುಕಿ ಇದ್ದಳು ಎನ್ನುತ್ತಾರೆ. ದನಕ್ಕೆ ಕಾಯಿಲೆ ಬಿದ್ದರೆ ಅವಳೇ ಗತಿ. ಅತ್ತೆಯಿಂದ ಬಂದ ಒಂದು ಮಂತ್ರದ ಕೋಲು ಅವಳಲ್ಲಿತ್ತು. ಅದನ್ನು ಕೊಂಬಿನಿಂದ ಬಾಲದವರೆಗೆ ನೀವಿ, ತುಟಿಯಲ್ಲೇ ಮಂತ್ರ ಹೇಳಿದರೆ ಬಿದ್ದ ಹಸು ಎದ್ದು ಮೇವಿಗೆ ಬಾಯಿ ಹಾಕುತ್ತಿತ್ತಂತೆ. ಕೈ ಎಷ್ಟು ತಂಪೋ ಬಾಯಿ ಅಷ್ಟೇ ಖಾರ. ನಲವತ್ತು ವರ್ಷ ಆ ಅಂಕೋಲೆಯ ನೆರಳಲ್ಲೇ ದನ ಮೇಯಿಸಿದವಳು. ದನಕ್ಕೆ ಬೈದು, ಬಿಸಿಲಿಗೆ ಬೈದು, ಕಾಲಿಗೆ ಮುಳ್ಳು ಚುಚ್ಚಿತೆಂದು ಮರಕ್ಕೂ ಬೈಯದೆ ಅವಳ ಹೊತ್ತು ಮುಳುಗುತ್ತಿರಲಿಲ್ಲ. ಬೈಸಿಕೊಳ್ಳದೆ ಉಳಿದದ್ದು ಚುಕ್ಕಿ ಒಂದೇ. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಆ ಹಸು, ಹುಟ್ಟಿದಂದೇ ತಾಯಿಯನ್ನು ಕಳೆದುಕೊಂಡು, ಕೆಂಚವ್ವನ ಕೈಯಲ್ಲಿ ಹಾಲು ಕುಡಿದು ಬೆಳೆದಿತ್ತು. ಮಕ್ಕಳಿಲ್ಲದ ಅವಳಿಗೆ ಅದೇ ಮಗಳು.

ಒಂದು ಮುಂಗಾರಿನಲ್ಲಿ ಗಂಟಲು ಬೇನೆ ಹಟ್ಟಿಗೆ ನುಗ್ಗಿತು. ಕೆಂಚವ್ವ ಸೂರಿನಿಂದ ಕೋಲು ಎಳೆದರೆ, ಗೆದ್ದಲು ಒಳಗೆಲ್ಲ ತಿಂದು ಹಾಕಿ, ಅದು ಕೈಯಲ್ಲೇ ಪುಡಿಯಾಯಿತು. ಹೊಸ ಕೋಲೂ ಅಂಕೋಲೆಯದೇ ಆಗಬೇಕು, ಅದೂ ಕೇಳದೆ ಕಡಿಯುವ ಹಾಗಿಲ್ಲ. ಹಿಂದಿನ ಸಂಜೆ ಮರಕ್ಕೆ ನೀರೆರೆದು, ಅರಿಸಿನದ ದಾರ ಕಟ್ಟಿ, ವೀಳ್ಯವಿಟ್ಟು, “ನಾಳೆ ಬತ್ತೀನಿ ತಾಯಿ, ಒಂದು ಕೋಲು ಕೊಡು” ಎಂದು ಮೆಲ್ಲಗೆ ಹೇಳಬೇಕು. ಹಾಗೆ ಹೇಳಿದ ಬಾಯಿ, ಕೋಲು ಮನೆಯ ಹೊಸ್ತಿಲು ಮುಟ್ಟುವ ತನಕ ಮತ್ತೆ ತೆರೆಯಬಾರದು. ನಡುವೆ ಯಾರಾದರೂ ‘ಎಲ್ಲಿಗೆ’ ಎಂದರೆ ಕೇಳಿಕೆ ಕೆಟ್ಟಂತೆ. ಬರಿಗೈಯಲ್ಲಿ ಹಿಂದಿರುಗಿ, ಸಂಜೆ ಮತ್ತೆ ಮೊದಲಿನಿಂದ ಶುರು. ಇದನ್ನೆಲ್ಲ ಹಟ್ಟಿಯ ಪೂಜಾರಿ ಕಾಟಯ್ಯ ಮನೆಮನೆಗೂ ಹೋಗಿ ಸಾರಿ ಬಂದ.

ಸಾರಿದರೇನು? ಮೊದಲ ದಿನ ಬೆಳಗಾಗುತ್ತಲೇ ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದ ಹಟ್ಟಿಯ ಗೌಡ, “ಎಲ್ಲಿಗೆ ಹೊಂಟ್ಯವ್ವಾ ಇಷ್ಟೊತ್ತಿಗೇ?” ಎಂದುಬಿಟ್ಟ. ಕೆಂಚವ್ವ ಹಲ್ಲು ಕಚ್ಚಿಕೊಂಡು ಹಿಂದಿರುಗಿದಳು. ಅಂದು ಎರಡು ಕರು ಸತ್ತವು. ಎರಡನೆಯ ದಿನ ಎದುರಾದವನು ಪೂಜಾರಿ ಕಾಟಯ್ಯನೇ. “ಎಲ್ಲಿಗೆ ಅಂತ ನಾನು ಕೇಳಾಕಿಲ್ಲ ಬಿಡು ಕೆಂಚವ್ವಾ, ನಂಗೆ ಗೊತ್ತೈತೆ” ಎಂದ. ಕೇಳುವುದಿಲ್ಲವೆಂದು ಹೇಳು ಎಂದು ಇವನನ್ನು ಬೇಡಿದವರು ಯಾರು! ಹಿರಿಯರು ಕಟ್ಟೆಯ ಮೇಲೆ ಕೂತು, ಇದರಿಂದಲೂ ಕೇಳಿಕೆ ಕೆಟ್ಟಂತೆಯೇ ಎಂದು ತೀರ್ಮಾನಿಸಲು ಮಧ್ಯಾಹ್ನವಾಯಿತು. ಅಷ್ಟರಲ್ಲಿ ಗೌಡನ ಜೋಡೆತ್ತು ಹೋದವು. ಮೂರನೆಯ ಬೆಳಿಗ್ಗೆ ನೋಡಿದರೆ ಚುಕ್ಕಿಯ ಗಂಟಲು ಊದಿತ್ತು. ಕೆಂಚವ್ವನ ಮುಖ ನೋಡಿ ಇಡೀ ಹಟ್ಟಿ ಬಾಗಿಲು ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತಿತು. ಅವಳು ಮರಡಿ ಏರಿದಳು, ಮರಕ್ಕೆ ಕೈ ಮುಗಿದಳು, ಕುಡುಗೋಲು ಎತ್ತಿದಳು. ಆಗ ಮರಡಿಯ ಆಚೆ ಮಗ್ಗುಲಿನಿಂದ, ಅಕ್ಕನ ಕಷ್ಟ ಕೇಳಿ ತಲೆಯ ಮೇಲೆ ಮೇವಿನ ಹೊರೆ ಹೊತ್ತು, ಪಕ್ಕದೂರಿನ ಅವಳ ತಮ್ಮ ಬೊಮ್ಮಣ್ಣ ಹತ್ತಿ ಬಂದ. ಪಾಪ, ಅವನಿಗೇನು ಗೊತ್ತು?

“ಅಕ್ಕಾ! ಬೆಳಗಾಗೆದ್ದು ಎಲ್ಲಿಗೆ ಹೊಂಟಿದ್ದೀಯೇ?”

ಕೆಂಚವ್ವ ತಮ್ಮನ ಕಡೆ ತಿರುಗಲೂ ಇಲ್ಲ. ಕುಡುಗೋಲನ್ನು ನೆಲಕ್ಕೆಸೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರದ ಎದುರು ನಿಂತಳು.

“ಏನೇ, ಮುಳ್ಳುಮೋರೆಯೋಳೇ! ಮೂರು ದಿನ ನೀರು ಹೊಯ್ದೆ, ದಾರ ಕಟ್ಟಿದೆ, ಹೊಸ ಸೊಸೆ ಹಂಗೆ ಬಾಯಿ ಮುಚ್ಕೊಂಡು ಬಂದೆ. ಇನ್ನೂ ಏನು ಬೇಕೇ ನಿಂಗೆ? ನಿನ್ನ ನೆರಳಾಗೆ ಮಲಗಿ ಎದ್ದ ದನ ಅಲ್ವೇನೇ ಅವು? ಅವುಗಳ ಸಗಣಿ ಗೊಬ್ಬರ ತಿಂದೇ ಅಲ್ವೇನೇ ಹಿಂಗೆ ಕೊಬ್ಬಿರೋದು? ಅಲ್ಲಿ ನನ್ನ ಚುಕ್ಕಿ ಉಸಿರಿಗೆ ಒದ್ದಾಡ್ತೈತೆ. ಕೊಡಾಕಿಲ್ಲ ಅಂದ್ರೆ ಇಲ್ಲ ಅಂತ ಬಾಯಿಬಿಟ್ಟು ಹೇಳು. ಕಿತ್ಕೊಂಡು ಹೋಗೋಳಲ್ಲ ನಾನು!”

ಅಷ್ಟು ಹೇಳಿ ಬುಡದಲ್ಲೇ ಕುಸಿದು ಅತ್ತಳು. ಗಾಳಿ ಇರಲಿಲ್ಲ. ಮೇಲೆ ಲಟಕ್ಕೆಂದು ಸದ್ದಾಗಿ, ಎರಡು ಮೊಳದ ಒಂದು ನೆಟ್ಟನೆಯ ಕೊಂಬೆ ಅವಳ ಮಡಿಲಿಗೇ ಬಿತ್ತು. ಮೂರು ದಿನ ಮೆತ್ತಗೆ ಬೇಡಿದವಳು ಯಾರೆಂದು ಮರಕ್ಕೆ ಗುರುತೇ ಹತ್ತಿರಲಿಲ್ಲ ಎನ್ನುತ್ತಾರೆ ಹಟ್ಟಿಯವರು. ನಲವತ್ತು ವರ್ಷದ ಬೈಗುಳ ಕಿವಿಗೆ ಬಿದ್ದ ಮೇಲೆ, ‘ಓ, ನಮ್ಮ ಕೆಂಚಿ’ ಎಂದು ಕೊಟ್ಟುಬಿಟ್ಟಿತಂತೆ.

ಆ ಕೋಲಿನಿಂದ ಹಟ್ಟಿಯ ಉಳಿದ ದನಗಳೆಲ್ಲ ಎದ್ದವು. ಚುಕ್ಕಿ ಏಳಲಿಲ್ಲ, ಕೆಂಚವ್ವ ಓಡಿ ಬಂದು ಹೊಸ್ತಿಲು ಮುಟ್ಟುವ ಮುಂಚೆಯೇ ಅದರ ಉಸಿರು ನಿಂತಿತ್ತು. ಸಂಜೆ ಅವಳು ಮತ್ತೆ ಮರಡಿ ಹತ್ತಿದಾಗ, ಇವತ್ತು ಮರಕ್ಕೆ ಗ್ರಹಚಾರ ಕಾದಿದೆ ಎಂದು ಜನ ಹೆದರಿದರು. ಅವಳು ಬೈಯಲಿಲ್ಲ. ಮುರಿದ ಕೊಂಬೆಯ ಗಾಯಕ್ಕೆ ಅರಿಸಿನ ಮೆತ್ತಿದಳು, ಬುಡಕ್ಕೆ ಒಂದು ಕೊಡ ನೀರು ಹೊಯ್ದಳು. “ಮೊದಲ್ನೇ ದಿನಾನೇ ಬೈಬೇಕಿತ್ತು ಕಣೇ ನಾನು” ಎಂದಳು. ಚುಕ್ಕಿಯನ್ನು ಅಲ್ಲೇ, ಆ ನೆರಳಲ್ಲೇ ಮಣ್ಣು ಮಾಡಿಸಿದಳು.

ಮರದ ಪಡುವಣ ಮಗ್ಗುಲಲ್ಲಿ ಆ ಗಾಯ ಈಗಲೂ ಇದೆ. ಅಲ್ಲಿ ಮತ್ತೆ ಕೊಂಬೆ ಒಡೆದಿಲ್ಲ. ಸೂಜಿಕಲ್ಲಹಟ್ಟಿಯಲ್ಲಿ ಬೆಳಗಿನ ಹೊತ್ತು ಯಾರನ್ನೂ ಯಾರೂ ಎಲ್ಲಿಗೆಂದು ಕೇಳುವುದಿಲ್ಲ. ಹೊಸಬರು ಇದನ್ನು ಜಂಬವೆಂದು ತಪ್ಪು ತಿಳಿಯುತ್ತಾರೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಹೆಂಗಸರು ಕೊಡ ಹೊತ್ತು ಮರಡಿ ಹತ್ತಿ, ಆ ಮರಕ್ಕೆ ಮನಸಾರೆ ಬೈದು, ನೀರನ್ನು ಅರ್ಧ ಬುಡಕ್ಕೂ ಅರ್ಧ ಕಲ್ಲಿಗೂ ಹೊಯ್ದು ಇಳಿಯುತ್ತಾರೆ. ಆ ಕಲ್ಲಿನ ಹಣೆಯಲ್ಲಿ ಸುಣ್ಣದ ಒಂದು ಬಿಳಿ ಬೊಟ್ಟಿದೆ. ಮಳೆಗೆ ಅಳಿಸಿ ಹೋದಾಗಲೆಲ್ಲ ಯಾರೋ ಮತ್ತೆ ಇಟ್ಟಿರುತ್ತಾರೆ.